ವಡೆ ಬಿಟ್ಟ ಬೋಗಿ

ಹೋದ ಗುರುವಾರ ಬೆಳಿಗ್ಗೆ ರೈಲು ಮದ್ದೂರಿನಲ್ಲಿ ನಿಂತಾಗ ಕಿಟಕಿಯಿಂದ ವಡೆಯ ವಾಸನೆ ಒಳಗೆ ಬಂತು. ಈರುಳ್ಳಿ, ರವೆ, ಕರಿಬೇವು, ಕಾದ ಎಣ್ಣೆ ಎಲ್ಲ ಸೇರಿ ಹುಟ್ಟುವ ಆ ವಾಸನೆಯನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಬೆಂಗಳೂರು ಮೈಸೂರುಗಳ ನಡುವೆ ಒಂದು ಸಲವಾದರೂ ರೈಲಿನಲ್ಲಿ ಓಡಾಡಿದವರ ಮೂಗಿಗೆ ಅದು ಗೊತ್ತು. ಬುಟ್ಟಿಯವನು ಕಿಟಕಿಯ ಹತ್ತಿರ ಬಂದ. ನಾನು ಕಿಟಕಿಯ ಬಾಗಿಲು ಕೆಳಗೆಳೆದೆ. ಎದುರು ಕೂತಿದ್ದ ಯುವಕ ಮರುಕದಿಂದ, "ಶುಗರ್ರಾ ಅಂಕಲ್?" ಎಂದ. "ಹೂಂ" ಅಂದೆ. ಸುಳ್ಳು. ನನಗೆ ಸಕ್ಕರೆ ಕಾಯಿಲೆ ಇಲ್ಲ. ನಿಜವಾದ ಕಾರಣವನ್ನು ಎರಡು ನಿಮಿಷದ ನಿಲುಗಡೆಯಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ನಿಮಗಾದರೆ ಹೇಳಬಹುದು, ನೀವು ಇಳಿಯುವ ಅವಸರದಲ್ಲಿ ಇರಲಾರಿರಿ.

ನಾನು ಮೂವತ್ತೊಂದು ವರ್ಷ ಮಂಡ್ಯದಿಂದ ಬೆಂಗಳೂರಿಗೆ ದಿನವೂ ಹೋಗಿ ಬಂದವನು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಮೇಲ್ವಿಚಾರಕನಾಗಿ ನಿವೃತ್ತನಾದೆ. ಅಷ್ಟು ವರ್ಷ ಕಚೇರಿಯಲ್ಲಿ ಏನು ಮಾಡಿದೆ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ರೈಲಿನಲ್ಲಿ ಏನು ಮಾಡಿದೆ ಎಂದು ಕೇಳಿದರೆ ಯೋಚಿಸದೆ ಹೇಳುತ್ತೇನೆ: ಟವಲ್ ಹಾಕಿದೆ.

ಈ ವಿದ್ಯೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ತಿಂಗಳ ಪಾಸು ಮಾಡಿಸಿ ಓಡಾಡುವವರಿಗೆ ಒಂದೊಂದು ಬೋಗಿ ಗೊತ್ತಾಗಿರುತ್ತದೆ. ಮಂಡ್ಯದಲ್ಲಿ ಹತ್ತುವವರು ಮದ್ದೂರಿನಲ್ಲಿ ಹತ್ತುವ ತಮ್ಮವರಿಗಾಗಿ ಸೀಟಿನ ಮೇಲೆ ಟವಲ್ಲೋ ಕರ್ಚೀಪೋ ಹಾಸಿಡುತ್ತಾರೆ. ಟವಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವಂತಿಲ್ಲ. ಇದು ರೈಲ್ವೆಯ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಕಚೇರಿಯ ಯಾವ ನಿಯಮವನ್ನೂ ನಾನು ಇದರಷ್ಟು ಶ್ರದ್ಧೆಯಿಂದ ಪಾಲಿಸಿದ್ದಿಲ್ಲ. ನನ್ನ ಟವಲ್ಲು ಪುಟ್ಟಸ್ವಾಮಿಗೆ ಮೀಸಲು. ಪುಟ್ಟಸ್ವಾಮಿ ಮದ್ದೂರಿನವನು, ನನ್ನ ಓರಗೆಯವನು, ಇನ್ನೊಂದು ಇಲಾಖೆಯಲ್ಲಿ ಕೆಲಸ. ಇಪ್ಪತ್ತು ವರ್ಷ ಕಿಟಕಿ ಪಕ್ಕದ, ರೈಲು ಹೋಗುವ ದಿಕ್ಕಿಗೆ ಮುಖ ಮಾಡಿದ ಆ ಒಂದು ಸೀಟನ್ನು ನಾನು ಅವನಿಗಾಗಿ ಕಾದಿದ್ದೇನೆ. ಅವನು ಅದಕ್ಕೆ ಒಂದು ದಿನವೂ ಥ್ಯಾಂಕ್ಸ್ ಹೇಳಿಲ್ಲ.

ಐದು ವರ್ಷದ ಹಿಂದಿನ ಒಂದು ಸೋಮವಾರ ಮದ್ದೂರಿನಲ್ಲಿ ಪುಟ್ಟಸ್ವಾಮಿಗಿಂತ ಮೊದಲು ಒಬ್ಬ ಹೆಂಗಸು ಹತ್ತಿದಳು. ಮೂವತ್ತರ ಆಸುಪಾಸು. ಕಂಕುಳಲ್ಲಿ ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗಿಯೊಂದನ್ನು ಎತ್ತಿಕೊಂಡಿದ್ದಳು. ಹುಡುಗಿಯ ತಲೆಗೆ ಬೇಸಿಗೆಯಲ್ಲೂ ಉಣ್ಣೆಯ ಟೋಪಿ. ಹೆಂಗಸು ನನ್ನ ಟವಲ್ಲನ್ನು ಎತ್ತಿ, ನೀಟಾಗಿ ನಾಲ್ಕು ಮಡಿಕೆ ಮಾಡಿ, ಸೀಟಿನ ಮೂಲೆಯಲ್ಲಿಟ್ಟು, ಮಗುವನ್ನು ಕೂರಿಸಿದಳು.

"ಏನಮ್ಮ, ಟವಲ್ ಕಾಣಲಿಲ್ವಾ?" ಎಂದೆ.

"ಕಾಣ್ತು ಸಾ. ಅದ್ಕೇ ಮಡಚಿ ಮಡಗಿವ್ನಿ."

ಅವಳು ಕೊಬ್ಬಿನಿಂದ ಹೇಳಲಿಲ್ಲ. ಟವಲ್ಲು ಯಾರೋ ಮರೆತದ್ದು, ಕೊಳೆಯಾಗಬಾರದು ಎಂದುಕೊಂಡಿದ್ದಳು ಎಂದು ಈಗ ತೋರುತ್ತದೆ. ಆಗ ನನಗೆ ಹಾಗೆ ತೋರಲಿಲ್ಲ. ಇದು ಪಾಸಿನವರ ಸೀಟು, ಬೋಗಿಗೆ ಒಂದು ಶಿಸ್ತು ಇದೆ, ಎಲ್ಲರೂ ಹೀಗೆ ಟವಲ್ ಎತ್ತಿದರೆ ಗತಿಯೇನು ಎಂದು ಒಂದು ಟಿಪ್ಪಣಿಯನ್ನೇ ಓದಿದೆ. ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ವಡೆಯ ಬುಟ್ಟಿ ಅವರನ್ನು ದಾಟಿಕೊಂಡು ಒಳಗೆ ಬಂತು. ಅದು ದಾಟುತ್ತಿದ್ದಂತೆಯೇ ಹುಡುಗಿ ತಾಯಿಯ ಮಡಿಲಿಗೆ ವಾಂತಿ ಮಾಡಿತು.

ಪುಟ್ಟಸ್ವಾಮಿ ಬೇರೆ ಬಾಗಿಲಿನಿಂದ ಹತ್ತಿದ್ದ. ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಅವರ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನೋ ಕೇಳಿದ. ಅವಳು ಹೇಳಿದ್ದು ಇಷ್ಟು. ಊರು ಮಳವಳ್ಳಿ ಕಡೆ. ಹೆಸರು ರತ್ನ, ಮಗಳು ಬಿಂದು. ಮಗುವಿನ ತಲೆಯೊಳಗೆ ಗೆಡ್ಡೆಯಾಗಿತ್ತು, ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದಿದ್ದಾರೆ. ಅದು ಕ್ಯಾನ್ಸರ್ರು. ಇನ್ನು ಮೂವತ್ತು ದಿನ ಕರೆಂಟ್, ಅಂದರೆ ವಿಕಿರಣ, ಕೊಡಬೇಕಂತೆ, ಸೋಮವಾರದಿಂದ ಶುಕ್ರವಾರ, ಶನಿವಾರ ಭಾನುವಾರ ರಜ. ಮಧ್ಯೆ ತಪ್ಪಿಸಿದರೆ ಕೊಟ್ಟದ್ದೂ ದಂಡವಾಗಬಹುದು ಎಂದು ಡಾಕ್ಟರು ಒತ್ತಿ ಹೇಳಿದ್ದಾರೆ. ಆಸ್ಪತ್ರೆ ಹತ್ತಿರದ ಛತ್ರದಲ್ಲಿ ಜಾಗವಿಲ್ಲ, ಮನೆಯಲ್ಲಿ ಒಂದು ಕೈಕೂಸು ಬೇರೆ. ಹಾಗಾಗಿ ದಿನಾ ಹೋಗಿ ಬರುವುದು.

ಪುಟ್ಟಸ್ವಾಮಿ ಎದ್ದು ಬಂದು ನನ್ನ ಮುಂದೆ ನಿಂತ.

"ಲೇ, ಆ ಕೂಸ್ನ ಎಬ್ಬುಸ್ದೋನು ನೀನೇನ್ಲಾ?"

"ಟವಲ್ ಹಾಕಿದ್ದೆ ಕಣೋ. ನಿನಗೆ ಅಂತ."

"ನನ್ ಎಸರಲ್ಲಿ ಎಬ್ಬುಸ್ದಾ? ನಿನ್ ಟವಲ್ಲಿಗೆ ಬೆಂಕಿ ಬೀಳ. ಸರ್ಕೊ ಅತ್ಲಾಗೆ."

ಅಂದಿನಿಂದ ಆ ಸೀಟು ಬಿಂದುವಿನದಾಯಿತು. ಮಂಡ್ಯದಲ್ಲಿ ಟವಲ್ ಹಾಕುವುದು ನಾನು, ಮದ್ದೂರಿನಲ್ಲಿ ಅದರ ಮೇಲೆ ಕೂರುವುದು ಅವಳು. ಅವಳು ನನಗೆ ಟವಲ್ ತಾತ ಎಂದು ಹೆಸರಿಟ್ಟಳು. ನನಗಾಗ ಐವತ್ತಾರು, ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಬಣ್ಣದ ಖರ್ಚು ಅಂದಿಗೆ ವ್ಯರ್ಥವಾಯಿತು.

ಇನ್ನು ನಮ್ಮ ದಾನಧರ್ಮದ ವಿಷಯ. ಒಂದೇ ವಾರದಲ್ಲಿ ನಮ್ಮ ಬೋಗಿಗೆ ಕರುಣೆ ಉಕ್ಕಿ ಬಂತು. ಇಂಥ ಮಕ್ಕಳಿಗೂ ಅವರ ಮನೆಯವರಿಗೂ ನೆರವಾಗುವುದಕ್ಕೆ, ಈ ರೋಗದ ಸಂಶೋಧನೆಗೂ ಕೈಲಾದದ್ದು ಕೊಡುವುದಕ್ಕೆ ಒಂದು ಸಂಘ ಮಾಡಬೇಕೆಂದು ತೀರ್ಮಾನವಾಯಿತು. ತೀರ್ಮಾನ ಬಿಡದಿಯಲ್ಲಾಯಿತು, ಜಗಳ ಕೆಂಗೇರಿಯಲ್ಲಿ. ಹೆಸರಿನಲ್ಲಿ ಮಂಡ್ಯ ಮೊದಲು ಬರಬೇಕೋ ಮದ್ದೂರು ಮೊದಲು ಬರಬೇಕೋ ಎಂಬುದರ ಮೇಲೆ ಮೂರು ದಿನ ಚರ್ಚೆ ನಡೆಯಿತು. ನಾನು ಕಾರ್ಯದರ್ಶಿ. ನಡವಳಿ ಪುಸ್ತಕ ತಂದು ಹಾಜರಿದ್ದವರ ಸಹಿ ಹಾಕಿಸಿದೆ. ಬಿಂದು ಎದುರಿಗೇ ಕೂತು ತಾಯಿಯ ತೋಳಿಗೆ ಒರಗಿ ನಿದ್ದೆ ಮಾಡುತ್ತಿತ್ತು. ನಡವಳಿಯಲ್ಲಿ ಅದರ ಹೆಸರು ಬರಲಿಲ್ಲ, ಅದು ಸದಸ್ಯೆಯಲ್ಲವಲ್ಲ.

ಜನ ಕೊಡುವುದಕ್ಕೇನೂ ಹಿಂದೆ ಬೀಳಲಿಲ್ಲ. ಒಬ್ಬರು ಗೋಧಿ ಹುಲ್ಲಿನ ರಸ ತಂದರು. ಒಬ್ಬರು ಮಲೆಮಹದೇಶ್ವರನ ತಾಯಿತ ತಂದರು. ಹೆಂಗಸರು ಚಂದಾ ಎತ್ತಿ ಒಂದು ಗೊಂಬೆ ತಂದರು. ಅದು ಬಿಂದುವಿಗಿಂತ ಒಂದು ಗೇಣು ಎತ್ತರವಿತ್ತು. ಆ ದಿನ ರತ್ನ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗೊಂಬೆ, ಹಲ್ಲಿನಲ್ಲಿ ಆಸ್ಪತ್ರೆಯ ಚೀಟಿ ಕಚ್ಚಿಕೊಂಡು ಇಳಿದದ್ದನ್ನು ನಾನೇ ನೋಡಿದೆ. ನನ್ನ ಕೊಡುಗೆ ಇದಕ್ಕಿಂತ ಘನವಾದದ್ದು. ಕಚೇರಿಯ ಒಳ್ಳೆಯ ಫೈಲೊಂದನ್ನು ತಂದು, ದಾರ ಪೋಣಿಸಿ, ಪುಟಸಂಖ್ಯೆ ಹಾಕಿ, ಒಳಗೆ ಏನೇನಿರಬೇಕೆಂಬ ಪಟ್ಟಿಯನ್ನು ದುಂಡಾಗಿ ಬರೆದು ಕೊಟ್ಟೆ. ರತ್ನ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ತನ್ನ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ತೋರಿಸಿದಳು. ಮೊದಲ ದಿನದ ಚೀಟಿಯಿಂದ ಹಿಡಿದು ನಿನ್ನೆಯ ರಕ್ತದ ವರದಿಯವರೆಗೆ ಎಲ್ಲವೂ ತಾರೀಖಿನ ಪ್ರಕಾರ ಇದ್ದವು. ನನ್ನ ಕಚೇರಿಯಲ್ಲಿ ಹಾಗೆ ಇಟ್ಟವರನ್ನು ನಾನು ಕಂಡಿಲ್ಲ.

ಕೊನೆಗೆ ಪುಟ್ಟಸ್ವಾಮಿಯೇ ಕೇಳಿದ. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

"ನಿಂಗೇನ್ ಬೇಕವ್ವ? ಬಾಯ್ಬುಟ್ಟು ಯೋಳು."

ರತ್ನ ಮಗಳ ಟೋಪಿಯನ್ನು ಕಿವಿಯವರೆಗೆ ಎಳೆದಳು. "ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಆ ವಡೆ ವಾಸ್ನೆ ಬಂದ್ರೆ ಮಗೀಗೆ ಒಟ್ಟೆ ತೊಳಸ್ತದೆ. ಕಕ್ಕಂಡ್ರೆ ಮಾತ್ರೆನೂ ಒಂಟೋಯ್ತದೆ. ಅಲ್ಲೋಗೋ ಒತ್ಗೆ ಸೋತ್ಬುಟ್ಟಿರ್ತದೆ. ಮುಖಕ್ಕೆ ಬಲೆ ತರದ್ದು ಬಿಗಿದು ಮಗೀನ ಒಂಟಿಯಾಗಿ ಕೋಣೇಲಿ ಮಲಗುಸ್ತಾರೆ, ಅಲ್ಲಾಡಂಗಿಲ್ಲ. ಅಲ್ಲಿ ಕಕ್ಕಂಡ್ರೆ ಉಸುರು ಕಟ್ತದೆ ಅಂತಾರೆ."

ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ದುಡ್ಡು ಕೇಳಿದ್ದರೆ ಜೇಬಿಗಾದರೂ ಕೈ ಹೋಗುತ್ತಿತ್ತು. ಮದ್ದೂರು ದಾಟುವಾಗ ವಡೆ ತಿನ್ನಬೇಡಿ ಎಂದು ನಮ್ಮ ಬೋಗಿಗೆ ಹೇಳುವುದು ಎಂಥ ಮಾತು ಎಂದು ನೀವೇ ಯೋಚಿಸಿ. ಮನೆಯಲ್ಲಿ ತಿಂಡಿ ತಿನ್ನದೆ ಓಡಿಬಂದವರು, ಹೆಂಡತಿಯೊಡನೆ ಮಾತು ಬಿಟ್ಟವರು, ವರ್ಗಾವಣೆಯ ಭಯದವರು, ಎಲ್ಲರಿಗೂ ದಿನದಲ್ಲಿ ಖಚಿತವಾದ ಸುಖ ಅದೊಂದೇ. ಆದರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು. ವಡೆಯ ಬುಟ್ಟಿಯವನಿಗೆ ಪುಟ್ಟಸ್ವಾಮಿ ಹೇಳಿದ. ಅವನು, "ಮೂವತ್ ದಿನ ಮುಗಿಯೋಗಂಟ್ಲೂವೆ? ನನ್ ಒಟ್ಟೆ ಮೇಲೆ ಒಡಿತಿದ್ದೀರಲ್ಲ ಸಾ" ಎಂದು ಹುಡುಗಿಯ ಕಡೆ ನೋಡಿದ. "ಬುಡಿ ಅತ್ಲಾಗೆ. ಮುಂದಿನ ಡಬ್ಬಿಗೋಯ್ತೀನಿ" ಎಂದ. ಮಾರನೆಯ ದಿನದಿಂದ ನಮ್ಮ ಕಿಟಕಿಗಳ ಹತ್ತಿರ ಬಂದಾಗ ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಂಡು ಓಡುತ್ತಿದ್ದ.

ಕಳ್ಳರಿದ್ದರು. ಪಕ್ಕದ ಬೋಗಿಗೆ ಹೋಗಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದರು. ಬಿಂದು ಹತ್ತಿರ ಕರೆದು ಮೂಸಿ ನೋಡುತ್ತಿತ್ತು. ಮೂರನೆಯ ದಿನವೇ ನಾನು ಸಿಕ್ಕಿಬಿದ್ದೆ. "ಟವಲ್ ತಾತ ತಿಂದವ್ನೆ" ಎಂದು ಅದು ಸಾರಿದಾಗ ಕಾರ್ಯದರ್ಶಿಯ ಮಾನ ಹೋಯಿತು. ಆ ಮೇಲೆ ನಾನು ನಿಷ್ಠನಾದೆ.

ನಿಷ್ಠನಾದೆ ಎಂದು ಬರೆದೆ. ಇನ್ನು ಹೇಳುವುದನ್ನು ನಿಧಾನವಾಗಿ ಹೇಳಬೇಕು.

ಇಪ್ಪತ್ತೆರಡು ದಿನದ ಕರೆಂಟ್ ಮುಗಿದಿತ್ತು. ಆ ಬುಧವಾರ ಪುಟ್ಟಸ್ವಾಮಿ ಮದುವೆಯೊಂದಕ್ಕೆ ರಜ ಹಾಕಿದ್ದ. ನಾನು ಎಂದಿನಂತೆ ಟವಲ್ ಹಾಕಿ ಸೀಟು ಕಾದೆ. ಮದ್ದೂರು ಬಂತು. ರತ್ನ ಬರಲಿಲ್ಲ. ಬಾಗಿಲಿನಲ್ಲಿ ನಿಂತು ಪ್ಲಾಟ್‌ಫಾರ್ಮಿನ ಎರಡೂ ಕಡೆ ನೋಡಿದೆ. ಆಮೇಲೆ ಒಳಗೆ ಬಂದು, ಬೇರೆ ಯಾರಾದರೂ ಕೂತುಬಿಟ್ಟಾರು ಎಂದು, ಟವಲ್ ಎತ್ತಿ ನಾನೇ ಆ ಸೀಟಿನಲ್ಲಿ ಕೂತೆ. ಕಾವಲಿಗಾಗಿ ಕೂತೆ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ವರ್ಷ ಆ ಸೀಟನ್ನು ಕಾದಿದ್ದೆನೇ ಹೊರತು ಅದರಲ್ಲಿ ಕೂತಿರಲಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಬುಟ್ಟಿಯವನು ಕಿಟಕಿಗೆ ಬಂದ. "ಇವತ್ತು ಕೂಸು ಬರ್ನಿಲ್ವಾ ಸಾ?" ಎಂದು ಪ್ಲಾಸ್ಟಿಕ್ ಹಾಳೆ ಸರಿಸಿದ. ನಾನು ಎರಡು ವಡೆ ತೆಗೆದುಕೊಂಡೆ. ಚಟ್ನಿಯೊಂದಿಗೆ. ಚನ್ನಪಟ್ಟಣದವರೆಗೆ ನಿಧಾನವಾಗಿ ತಿಂದೆ.

ತಿಂದದ್ದು ದೊಡ್ಡ ಮಾತಲ್ಲ. ತಿನ್ನುವಾಗ ನನಗೆ ಹಾಯೆನಿಸಿತು. ಶಾಲೆಗೆ ಮೇಷ್ಟ್ರು ಬಾರದ ದಿನದ ಹಾಗೆ. ಅವರು ಯಾಕೆ ಬರಲಿಲ್ಲ ಎಂಬ ಯೋಚನೆ ರಾಮನಗರ ದಾಟಿದ ಮೇಲೆ ಬಂತು. ಐದು ವರ್ಷವಾದರೂ ಆ ಚನ್ನಪಟ್ಟಣದವರೆಗಿನ ದೂರವನ್ನು ನಾನು ಕಡಿಮೆ ಮಾಡಿ ಹೇಳಲಾರೆ.

ಗುರುವಾರವೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಪುಟ್ಟಸ್ವಾಮಿ ಫೋನ್ ಮಾಡಿದರೆ ರತ್ನಳ ಅತ್ತೆ ತೆಗೆದುಕೊಂಡು, "ಸಾಕು ಮಾಡಿವಿ ಕಣಪ್ಪ" ಎಂದು ಇಟ್ಟುಬಿಟ್ಟರಂತೆ. ಶನಿವಾರ ನಾವಿಬ್ಬರೂ ಮಳವಳ್ಳಿಗೆ ಬಸ್ಸು ಹತ್ತಿದೆವು. ಅಲ್ಲಿಂದ ಶಿವನಸಮುದ್ರದ ದಾರಿಯಲ್ಲಿ ಆಟೋ. ನಾನು ದಾರಿಯುದ್ದಕ್ಕೂ ಹೇಳಬೇಕಾದ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಟ್ಟು ಒಂಬತ್ತು ಅಂಶ.

ರತ್ನಳ ಅತ್ತೆ, ಬಿಂದುವಿನ ಅಜ್ಜಿ, ಜಗಲಿಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದರು. ರತ್ನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಕಣ್ಣು ಊದಿತ್ತು. ಒಳಗೆ ಮಂಚದ ಮೇಲೆ ಬಿಂದು ಗೋಡೆಯ ಕಡೆ ತಿರುಗಿ ಮಲಗಿತ್ತು. ಜ್ವರ ಬಂದು ಇಳಿದಿತ್ತಂತೆ. ಊಟ ಬಿಟ್ಟಿದೆ, ಮಾತೂ ಬಿಟ್ಟಿದೆ ಎಂದು ರತ್ನ ಪಿಸುಗುಟ್ಟಿದಳು. ನಾನು ಒಂದನೆಯ ಅಂಶದಿಂದ ಶುರು ಮಾಡಿದೆ. ಕಿರಣಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ಅದು. ಅಜ್ಜಿ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ನನ್ ಯಜಮಾನ ಮೂವತ್ ವರ್ಸ ಪವರ್‌ಹೌಸ್ನಾಗ್ ದುಡದ. ಕರೆಂಟ್ ಪಾಠ ನಂಗ್ ಯೋಳ್ಕೊಡ್ಬ್ಯಾಡ. ಕೂಸು ನರಳದ್ನ ನೀನ್ ನೋಡಿದ್ದೀಯಾ? ರಾತ್ರಿಯೆಲ್ಲ ನಾನ್ ನೋಡಿವ್ನಿ. ಇನ್ನೆಂಟ್ ದಿನ ಅಂತೀಯ. ಎಂಟ್ ದಿನ ಆದ್ಮೇಲೆ ವಾಸಿ ಆಯ್ತದೆ ಅಂತ ಬರ್ಕೊಡ್ತೀಯಾ?"

ಹಾಳೆ ಮಡಚಿ ಜೇಬಿಗಿಟ್ಟೆ. ರತ್ನ ನಮ್ಮ ಕಡೆ ನೋಡಲಿಲ್ಲ. ಅವಳಿಗೆ ಹೋಗಬೇಕೆಂದಿತ್ತು, ಅತ್ತೆಯ ಮಾತೂ ಸುಳ್ಳಲ್ಲ ಎಂದು ಗೊತ್ತಿತ್ತು. ಸೋಮವಾರವೂ ತಪ್ಪಿದರೆ ಮುಗಿಯಿತು ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಪುಟ್ಟಸ್ವಾಮಿ ಏನು ಮಾಡುವುದೆಂದು ತೋಚದೆ ಬಾಗಿಲ ಕಡೆ ಬಗ್ಗಿ ಸುಮ್ಮನೆ ಹೇಳಿದ. "ಬಿಂದವ್ವ, ನಿನ್ ಸೀಟು ಅಂಗೇ ಅದೆ ಕಣವ್ವ. ಯಾರೂ ಕೂತಿಲ್ಲ."

ಮಂಚದಿಂದ ಸಣ್ಣ ದನಿ ಬಂತು. "ಯಾರೂವೆ?"

ಪುಟ್ಟಸ್ವಾಮಿ ನನ್ನ ಕಡೆ ತಿರುಗಿದ. ಅವನಿಗೆ ಬುಧವಾರದ ಸಂಗತಿ ಗೊತ್ತಿರಲಿಲ್ಲ. ಹೌದು ಎಂದು ನಾನೂ ಹೇಳಲಿ ಎಂದು ಕಾಯುತ್ತಿದ್ದ. ಹೇಳುವುದು ಸುಲಭವಿತ್ತು. "ಯಾರೂ ಇಲ್ಲಮ್ಮ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ಯಾಕೆ ಹೊರಗೆ ಬರಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸತ್ಯವಂತಿಕೆಯಿಂದ ಅಲ್ಲ. ಆ ಮಗು ಮೂಸಿ ನೋಡಿದರೆ ಎಂಬ ಹುಚ್ಚು ಭಯವೇ ಇದ್ದಿರಬೇಕು.

"ಬುಧವಾರ ನಾನು ಕೂತಿದ್ದೆ" ಎಂದೆ.

ಮಂಚ ಕಿರುಗುಟ್ಟಿತು. ಬಿಂದು ಎದ್ದು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಾಗಿಲಿಗೆ ಬಂತು. ಟೋಪಿ ಇರಲಿಲ್ಲ. ಆ ತಲೆಯನ್ನು ನಾನು ಮೊದಲ ಸಲ ನೋಡಿದೆ. ಕಿವಿಯ ಹಿಂದಿನಿಂದ ಕತ್ತಿನವರೆಗೆ ಹೊಲಿಗೆಯ ಗೆರೆ ಇತ್ತು.

"ವಡೆ ತಿಂದ್ಯಾ?"

"ತಿಂದೆ."

"ಎಷ್ಟು?"

"ಎರಡು."

"ಥೂ ನಿನ್ ಮಖಕ್ಕೆ" ಎಂದ ಪುಟ್ಟಸ್ವಾಮಿ.

ಬಿಂದು ನನ್ನನ್ನೇ ದುರುಗುಟ್ಟಿ ನೋಡಿತು. ಅಳುತ್ತದೆ ಎಂದುಕೊಂಡೆ. ಅಳಲಿಲ್ಲ, ಕೂಗಿತು. "ಅವ್ವಾ, ಸೋಮ್ವಾರ ಓಗಾನ. ಈ ತಾತನ್ನ ನಂಬಕಾಗಕಿಲ್ಲ!"

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಅವರು ಮೊಮ್ಮಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದಕ್ಕೆ ಶುರು ಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ. "ನಾಕ್ ದಿನದಿಂದ ಬಾಯ್ಬುಟ್ಟಿರ್ನಿಲ್ಲ ಕಣಪ್ಪ. ವಡೆ ತಿಂದು ಬಾಯ್ ಬುಡುಸ್ದಲ್ಲ ನೀನು. ಓಗ್ರವ್ವ, ಓಗಿ. ಮುಗಿಸ್ಕಂಡೇ ಬನ್ನಿ."

ಸೋಮವಾರ ಅವರು ಬಂದರು. ತಪ್ಪಿದ ಮೂರು ದಿನವನ್ನು ಕೊನೆಗೆ ಸೇರಿಸಿದರು. ಮೂವತ್ತೂ ಆಯಿತು. ನಮ್ಮ ಸಂಘ ನೋಂದಣಿಯಾಗಲಿಲ್ಲ, ಮಂಡ್ಯವೋ ಮದ್ದೂರೋ ಇತ್ಯರ್ಥವಾಗಲಿಲ್ಲ. ಆದರೆ ಆ ಬೋಗಿಯಲ್ಲಿ ಆಮೇಲೂ ಅಂಥ ಮಕ್ಕಳು ಬಂದರೆ ಸೀಟು ಬಿಡುತ್ತಿದ್ದರು, ಏನು ಬೇಕೆಂದು ಮೊದಲು ತಾಯಂದಿರನ್ನು ಕೇಳುತ್ತಿದ್ದರು. ಒಬ್ಬ ತಾಯಿ ಕೇಳಿದ್ದು ಇಸ್ಪೀಟಿನ ಗಲಾಟೆ ನಿಲ್ಲಿಸಿ ಎಂದು. ಇನ್ನೊಬ್ಬಳು ಕೇಳಿದ್ದು ಅರ್ಧ ಗಂಟೆ ಮಗುವನ್ನು ಹಿಡಿದುಕೊಳ್ಳಿ, ನಾನು ಮಲಗಬೇಕು ಎಂದು. ಅವರಲ್ಲಿ ಎಲ್ಲರೂ ಮೂವತ್ತು ಮುಗಿಸಲಿಲ್ಲ. ಮುಗಿಸಿದವರೆಲ್ಲ ಉಳಿಯಲೂ ಇಲ್ಲ. ಪಟ್ಟಿ ಮಾಡುವ ನನ್ನ ಕೈ ಆ ಒಂದು ಪಟ್ಟಿಯನ್ನು ಮಾತ್ರ ಮಾಡಿಲ್ಲ.

ಹೋದ ಬುಧವಾರ ರತ್ನ ಫೋನ್ ಮಾಡಿದಳು. "ನಾಳೆ ಸ್ಕ್ಯಾನ್ ಅದೆ ಸಾ. ಎಂಥದೋ ಕಾಗದ ಓದಿ ಸೈನ್ ಆಕ್ಬೇಕಂತೆ. ನೀವೂ ಬನ್ನಿ." ಕೊನೆಗೂ ನನ್ನ ವಿದ್ಯೆಗೆ ಒಂದು ಕಾಗದ ಬಂತು ಎಂದು, ಓದುವ ಕನ್ನಡಕ, ಎರಡು ಪೆನ್ನು ಇಟ್ಟುಕೊಂಡು ಗುರುವಾರದ ಆ ರೈಲಿಗೆ ಹೊರಟೆ. ಅವರು ಹಿಂದಿನ ದಿನವೇ ಹೋಗಿ, ಈಚೆಗೆ ಬೆಂಗಳೂರಿಗೆ ಬಂದಿರುವ ರತ್ನಳ ನಾದಿನಿಯ ಮನೆಯಲ್ಲಿದ್ದರು. ಆಸ್ಪತ್ರೆಯಲ್ಲಿ ಸಿಕ್ಕರು.

ಬಿಂದುವಿಗೆ ಈಗ ಹನ್ನೆರಡು. ಎಡಗಾಲು ಸ್ವಲ್ಪ ಎಳೆಯುತ್ತಾಳೆ. ತರಗತಿಯಲ್ಲಿ ಎಲ್ಲರಿಗಿಂತ ನಿಧಾನ, ಎರಡು ಸಲ ಓದಿದರೆ ಗೊತ್ತಾಗುತ್ತದೆ ಎಂದು ಅವಳೇ ಹೇಳಿದಳು. ಸ್ಕ್ಯಾನ್ ಮುಗಿದಿತ್ತು, ವರದಿ ಸಂಜೆಗೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಎರಡು ಹಾಳೆ ತಂದು ವಿವರಿಸಿದರು. ಈ ರೋಗದ ಮಕ್ಕಳ ಮೇಲೆ ಒಂದು ಸಂಶೋಧನೆ ನಡೆಯುತ್ತಿದೆ. ಕರೆಂಟ್ ಕೊಟ್ಟ ಮಕ್ಕಳು ವರ್ಷಗಳು ಕಳೆದ ಮೇಲೆ ಹೇಗೆ ನಡೆಯುತ್ತಾರೆ, ಹೇಗೆ ಓದುತ್ತಾರೆ ಎಂದು ನೋಡಬೇಕು. ಇಷ್ಟು ದಿನ ತಾಯಿಯ ಒಪ್ಪಿಗೆ ಸಾಕಿತ್ತು. ಈಗ ಹುಡುಗಿಯೂ ಒಪ್ಪಬೇಕು.

"ಇಷ್ಟು ದಿನ ಅಂದರೆ?" ಎಂದು ರತ್ನಳನ್ನು ಕೇಳಿದೆ.

"ಆಪ್ರೇಸನ್ ದಿನವೇ ಕೇಳುದ್ರು ಸಾ. ತಗದ ಗೆಡ್ಡೆನ ಸಂಸೋದ್ನೆಗೆ ಮಡಿಕ್ಕಳದಾ ಅಂತ. ಮಡಿಕ್ಕಳಿ ಅಂದೆ. ನಮ್ ಮಗೀಗೆ ಆಗಿದ್ದು ಆಗೋಯ್ತು, ಇನ್ನೊಂದ್ ಮಗೀಗಾದ್ರೂ ಗೊತ್ತಾಗ್ಲಿ ಅಂತ ಸೈನ್ ಆಕ್ದೆ."

ನಾವು ಸಂಶೋಧನೆಗೆ ನೆರವಾಗುವ ಸಂಘದ ಹೆಸರಿಗಾಗಿ ಬಿಡದಿಯಿಂದ ಕೆಂಗೇರಿಯವರೆಗೆ ಕೂಗಾಡುತ್ತಿದ್ದಾಗ ಇವಳು ಎದುರಿಗೇ ಕೂತಿದ್ದಳು. ಕೊಡಬೇಕಾದ್ದನ್ನು ಆಗಲೇ ಕೊಟ್ಟು ಬಂದಿದ್ದಳು.

ನಾನು ಕನ್ನಡಕ ಹಾಕಿಕೊಂಡು ಹಾಳೆಗೆ ಕೈ ಚಾಚಿದೆ. "ಕೊಡಮ್ಮ, ನಾನು ಓದಿ ಹೇಳ್ತೀನಿ."

"ನೀನ್ ಸುಮ್ಕಿರು ತಾತ. ನಾನೇ ಓದ್ತೀನಿ."

ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಮೊದಲ ಹಾಳೆಗೇ ಹತ್ತು ನಿಮಿಷ ಬೇಕಾಯಿತು. ಎರಡು ಕಡೆ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಪಕ್ಕದಿಂದ ಹೇಳಿಕೊಡಬೇಕೆಂದು ನನ್ನ ಬಾಯಿ ಮೂರು ಸಲ ತೆರೆಯಿತು, ಮೂರು ಸಲವೂ ಮುಚ್ಚಿದೆ. ಓದಿ ಮುಗಿಸಿ ಡಾಕ್ಟರಮ್ಮನನ್ನು ಕೇಳಿದಳು, "ಇದ್ರಿಂದ ನಂಗೇನಾಯ್ತದೆ?"

"ನಿನಗೆ ಹೊಸದಾಗಿ ಏನೂ ಆಗಲ್ಲ ಪುಟ್ಟಿ. ಮುಂದೆ ಬರೋ ಮಕ್ಕಳಿಗೆ ಎಷ್ಟು ಕರೆಂಟ್ ಕೊಟ್ಟರೆ ಸಾಕು ಅಂತ ಗೊತ್ತಾಗಬಹುದು. ಆಗದೆಯೂ ಇರಬಹುದು."

ಬಿಂದು ಯೋಚಿಸಿದಳು. "ಕಮ್ಮಿ ಕೊಟ್ರೆ ಅವ್ರಿಗೆ ವಾಂತಿ ಕಮ್ಮಿ ಆಯ್ತದಾ?"

"ಆಗಬಹುದು."

"ಪೆನ್ ಕೊಡು ತಾತ."

ಕೊಟ್ಟೆ. ಅವಳು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಗ್ಗಿದಳು. ಬಗ್ಗಿದವಳು ತಲೆ ಎತ್ತಿ, "ವಸಿ ಅತ್ಲಾಗೆ ಓಗು. ಬೆಳಕಿಗೆ ಅಡ್ಡ ಕುಂತಿದ್ದೀಯ" ಎಂದಳು.

ನಾನು ಎದ್ದು ಗೋಡೆಯ ಹತ್ತಿರ ಹೋಗಿ ನಿಂತೆ. ಅವಳು ಬರೆಯತೊಡಗಿದಳು.